ಎರಡನೇ ಸಲವೂ ಹೋಗೋಣ



ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಕೆಲಸ ಗೊತ್ತಿಲ್ಲದವರು ಯಾರಿದ್ದಾರೆ? ಮಳೆ ಹಿಡಿಯುವ ಮೊದಲು ಗೊನೆಗೆ ಬೋರ್ಡೋ ಹೊಡೆಯುತ್ತಾರೆ. ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಮಾಡಿದ ಔಷಧಿ ಅದು. ಒಂದು ಸಲ ಹೊಡೆದರೆ ಸಾಕೇ? ಸಾಲದು. ಸುಮಾರು ಒಂದೂವರೆ ತಿಂಗಳಿಗೆ ಎರಡನೇ ಸಲ ಹೊಡೆಯಬೇಕು. ಮಳೆ ಬಿಡದಿದ್ದರೆ ಮೂರನೇ ಸಲವೂ ಬೇಕು. ಒಂದು ಸಲ ಹೊಡೆದಾಯ್ತಲ್ಲ ಅಂತ ಸುಮ್ಮನೆ ಕೂತರೆ ಕೊಳೆ ಬರುತ್ತದೆ. ಕಾಯಿ ಉದುರುತ್ತದೆ.

ಮನಸ್ಸಿಗೆ ಬರುವ ಒಂದು ಕಾಯಿಲೆಯೂ ಹೀಗೇ. ಅದರ ಹೆಸರು ಖಿನ್ನತೆ. ಖಿನ್ನತೆಗೆ ಮದ್ದು ಉಂಟು. ಆದರೆ ಒಂದು ಸಲ ಆಸ್ಪತ್ರೆಗೆ ಹೋಗಿ ಬಂದರೆ ಸಾಲದು. ಎರಡನೇ ಸಲ ಹೋಗಬೇಕು. ಮೂರನೇ ಸಲವೂ ಹೋಗಬೇಕು. ಬಹಳ ಜನ ನಡುವೆಯೇ ಬಿಟ್ಟುಬಿಡುತ್ತಾರೆ. ಯಾಕೆ ಬಿಡುತ್ತಾರೆ? ಬಿಡದ ಹಾಗೆ ನಾವು ಹೇಗೆ ಜೊತೆಯಾಗಬಹುದು? ಅದನ್ನು ಈ ಪಾಠದಲ್ಲಿ ಓದೋಣ.

ದುಃಖ ಬೇರೆ, ಖಿನ್ನತೆ ಬೇರೆ

ದುಃಖ ಎಲ್ಲರಿಗೂ ಬರುತ್ತದೆ. ಸತ್ತವರನ್ನು ನೆನೆದು ಅಳುತ್ತೇವೆ. ಬೆಳೆ ಹೋದರೆ ಹೊಟ್ಟೆ ಉರಿಯುತ್ತದೆ. ಅಷ್ಟು ದಿನ ಕಳೆದ ಮೇಲೆ ಮನಸ್ಸು ನಿಧಾನಕ್ಕೆ ತಿಳಿಯಾಗುತ್ತದೆ. ಮಗು ನಕ್ಕರೆ ನಮಗೂ ನಗು ಬರುತ್ತದೆ.

ಖಿನ್ನತೆ ಹಾಗಲ್ಲ. ಎರಡು ವಾರಕ್ಕೂ ಹೆಚ್ಚು ದಿನ, ಹೆಚ್ಚುಕಮ್ಮಿ ದಿನವೂ, ದಿನದ ಹೆಚ್ಚು ಹೊತ್ತು ಮನಸ್ಸು ಮಂಕಾಗಿ ಇರುತ್ತದೆ. ಮೊದಲು ಇಷ್ಟ ಆಗುತ್ತಿದ್ದ ಕೆಲಸ ಈಗ ಬೇಡ ಅನಿಸುತ್ತದೆ. ಜೊತೆಗೆ ಇನ್ನೂ ಕೆಲವು ಗುರುತುಗಳು ಇರುತ್ತವೆ.

ನಿದ್ದೆ ಬರುವುದಿಲ್ಲ. ಬಂದರೂ ನಸುಕಿಗೆ ಮೊದಲೇ ಎಚ್ಚರವಾಗುತ್ತದೆ. ಕೆಲವರಿಗೆ ಎಷ್ಟು ಮಲಗಿದರೂ ಸಾಲದು.
ಊಟ ಸೇರುವುದಿಲ್ಲ.
ಏನೂ ಮಾಡದಿದ್ದರೂ ಸುಸ್ತು.
ಯಾವ ಕೆಲಸದ ಮೇಲೂ ಮನಸ್ಸು ನಿಲ್ಲುವುದಿಲ್ಲ.
ಎಲ್ಲದಕ್ಕೂ ನಾನೇ ಕಾರಣ, ನಾನು ಯಾತಕ್ಕೂ ಬಾರದವಳು ಅನಿಸುತ್ತದೆ.
ಸತ್ತರೆ ಸಾಕು ಅನಿಸುತ್ತದೆ.

ನಮ್ಮ ಹೆಂಗಸರು ಇದನ್ನು ಮನಸ್ಸಿನ ಕಾಯಿಲೆ ಅಂತ ಹೇಳುವುದು ಕಡಿಮೆ. ತಲೆನೋವು ಅನ್ನುತ್ತಾರೆ. ಮೈಕೈ ನೋವು, ಎದೆ ಭಾರ, ಕೈಕಾಲು ಜೋಮು ಅನ್ನುತ್ತಾರೆ. ಎಷ್ಟು ಮಾತ್ರೆ ನುಂಗಿದರೂ ನೋವು ಹೋಗುವುದಿಲ್ಲ. ಆಗ ಮನಸ್ಸನ್ನೂ ನೋಡಬೇಕು.

ಇದು ಸೋಮಾರಿತನ ಅಲ್ಲ. ಹುಚ್ಚು ಅಲ್ಲ. ಮಾಡಿದ ಪಾಪದ ಫಲವೂ ಅಲ್ಲ. ಸಾಲ, ಸಾವು, ಮನೆಯ ಜಗಳ, ಗಂಡನ ಕುಡಿತ, ಹೊಡೆತ ಇವುಗಳಿಂದ ಖಿನ್ನತೆ ಬರಬಹುದು. ಬಾಣಂತಿಗೂ ಬರಬಹುದು. ಮನೆತನದಲ್ಲಿ ಇದ್ದರೆ ಬರಬಹುದು. ಎಲ್ಲ ಚೆನ್ನಾಗಿದ್ದವರಿಗೂ ಬರಬಹುದು. ಗಂಡಸರಿಗೂ ಬರುತ್ತದೆ, ಹೆಂಗಸರಲ್ಲಿ ಇನ್ನೂ ಹೆಚ್ಚು.

ಬೆಂಗಳೂರಿನಲ್ಲಿ ನಿಮ್ಹಾನ್ಸ್ ಅಂತ ಮನಸ್ಸಿನ ಮತ್ತು ನರಗಳ ಕಾಯಿಲೆಯ ದೊಡ್ಡ ಆಸ್ಪತ್ರೆ ಇದೆ. ಅಲ್ಲಿನವರು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದರು. ದೊಡ್ಡವರಲ್ಲಿ 20 ಜನಕ್ಕೆ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿತ್ತು. ಖಿನ್ನತೆ ಇದ್ದ 100 ಜನರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಮ್ಮ ಸಂಘದಲ್ಲಿ 20 ಜನ ಇದ್ದಾರೆ ಅನ್ನಿ. ಅವರಲ್ಲಿ ಒಬ್ಬರು ಯಾರು? ಯೋಚನೆ ಮಾಡೋಣ.

ದೊಡ್ಡಕ್ಕನ ಕತೆ

ಈಗ ಒಂದು ಕತೆ ಓದೋಣ. ಇದು ಯಾರೋ ಒಬ್ಬರ ಮನೆಯ ಕತೆ ಅಲ್ಲ. ಹಲವು ಮನೆಗಳಲ್ಲಿ ನಡೆಯುವುದನ್ನು ಸೇರಿಸಿ ಪಾಠಕ್ಕಾಗಿ ಕಟ್ಟಿದ್ದೇವೆ. ಹೆಸರು ಇಟ್ಟಿಲ್ಲ. ದೊಡ್ಡಕ್ಕ ಎಂದು ಕರೆಯೋಣ.

ದೊಡ್ಡಕ್ಕನ ಮನೆ ಹೊಸನಗರದ ಕಡೆ ಒಂದು ಹಳ್ಳಿಯಲ್ಲಿ. ಅಡಿಕೆ ಸುಲಿಯಲು ಕೂತರೆ ಅವಳ ಮೆಟ್ಟುಗತ್ತಿ ನಿಲ್ಲುತ್ತಿರಲಿಲ್ಲ. ಬಾಯಿಯೂ ನಿಲ್ಲುತ್ತಿರಲಿಲ್ಲ. ಅವಳು ಇದ್ದ ಕಡೆ ನಗು ಇರುತ್ತಿತ್ತು.

ಒಂದು ವರ್ಷ ತೋಟಕ್ಕೆ ಎಲೆಚುಕ್ಕಿ ರೋಗ ಬಂತು. ಫಸಲು ಕಡಿಮೆಯಾಯಿತು. ಸಾಲ ಹಾಗೇ ಉಳಿಯಿತು. ಮಗಳು ಮದುವೆಯಾಗಿ ದೂರ ಹೋದಳು. ಆಮೇಲೆ ದೊಡ್ಡಕ್ಕ ಮೊದಲಿನ ಹಾಗೆ ಇರಲಿಲ್ಲ. ನಸುಕಿನ ಮೂರು ಗಂಟೆಗೇ ಎಚ್ಚರ. ಎದ್ದು ಒಲೆ ಮುಂದೆ ಕೂತರೆ ಕೂತಲ್ಲೇ. ಅನ್ನ ಉಕ್ಕಿ ಚೆಲ್ಲಿದರೂ ಗೊತ್ತಾಗುತ್ತಿರಲಿಲ್ಲ. ಸಂಘಕ್ಕೆ ಬರುವುದನ್ನು ಬಿಟ್ಟಳು.

ಗಂಡ ಅಂದ, "ಎಂತ ಆಗಿದೆ ನಿಂಗೆ? ಉಣ್ಣಕ್ಕೆ ಕಮ್ಮಿ ಆಗಿದ್ಯಾ?"

ಅತ್ತೆ ಅಂದರು, "ಯಾರದ್ದೋ ಕಣ್ಣು ಬಿದ್ದಿದೆ."

ಪಕ್ಕದ ಮನೆಯ ತಂಗಿ ಏನೂ ಅನ್ನಲಿಲ್ಲ. ಒಂದು ಮಧ್ಯಾಹ್ನ ಬಂದು ಜಗಲಿಯಲ್ಲಿ ಕೂತಳು.

"ಅಕ್ಕಾ, ಸಂಘಕ್ಕೆ ಎಂತಕ್ಕೆ ಬರ್ತಾ ಇಲ್ಲ?"

"ಎಂತದೂ ಬೇಡ ಅನ್ಸ್ತದೆ ಮಾರಾಯ್ತಿ."

"ಎಷ್ಟು ದಿನ ಆಯ್ತು ಹೀಗೆ?"

"ಮಳೆಗಾಲ ಮುಗಿದಾಗಿಂದ."

ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು, "ಸಾಯ್ಬೇಕು ಅಂತ ಅನ್ಸಿದ್ಯಾ ಅಕ್ಕಾ?"

ದೊಡ್ಡಕ್ಕನ ಕಣ್ಣು ತುಂಬಿತು. "ಒಂದೊಂದು ಸಲ ಅನ್ಸ್ತದೆ. ಯಾರ ಹತ್ರಾನೂ ಹೇಳಿಲ್ಲ."

"ನನ್ನ ಹತ್ರ ಹೇಳಿದ್ಯಲ್ಲ, ಒಳ್ಳೇದಾಯ್ತು. ನಾಳೆ ನಾನೂ ನೀನೂ ಆಸ್ಪತ್ರೆಗೆ ಹೋಗಾಣ."

ಆ ರಾತ್ರಿ ಅವಳನ್ನು ಒಬ್ಬಳೇ ಬಿಡಲಿಲ್ಲ. ಗಂಡನಿಗೂ ತಿಳಿಸಿದರು. ಬೆಳಿಗ್ಗೆ ಊರಿನ ಆಶಾ ಕಾರ್ಯಕರ್ತೆಯೂ ಜೊತೆಗೆ ಬಂದರು. ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರು ಎಲ್ಲ ಕೇಳಿದರು. ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಕಡಿಮೆ ಇದ್ದರೆ, ಥೈರಾಯ್ಡ್ ತೊಂದರೆ ಇದ್ದರೆ ಕೂಡ ಹೀಗೇ ಸುಸ್ತು ಮಂಕು ಆಗಬಹುದು. ಅದಕ್ಕೇ ಪರೀಕ್ಷೆ. ಕೊನೆಗೆ ವೈದ್ಯರು ಖಿನ್ನತೆ ಎಂದು ಹೇಳಿ ಮಾತ್ರೆ ಕೊಟ್ಟರು. ಆಪ್ತಸಮಾಲೋಚಕರ ಜೊತೆ ಕೂತು ಮಾತಾಡಲು ಹೇಳಿದರು. ಎರಡು ವಾರ ಬಿಟ್ಟು ಬನ್ನಿ ಎಂದರು.

ಎಲ್ಲ ಸರಿಯಾಯಿತು ಅಂದುಕೊಂಡಿರಾ? ಇಲ್ಲ. ಪಾಠ ಶುರುವಾಗುವುದೇ ಇಲ್ಲಿ.

ಒಂಬತ್ತನೇ ದಿನ ದೊಡ್ಡಕ್ಕ ಮಾತ್ರೆ ನಿಲ್ಲಿಸಿದಳು. "ಹೊಟ್ಟೆ ತೊಳೆಸ್ತದೆ. ಗುಣ ಒಂದ್ ಚೂರೂ ಇಲ್ಲ. ಇನ್ನೆಂತಕ್ಕೆ ತಿನ್ನೋದು?" ಎಂದಳು. ತಂಗಿ ಬೈಯಲಿಲ್ಲ. "ಇದನ್ನೇ ಡಾಕ್ಟ್ರ ಹತ್ರ ಹೇಳಾಣ ಬಾ" ಎಂದು ಕರೆದುಕೊಂಡು ಹೋದಳು. ವೈದ್ಯರು ಕೇಳಿ, ಊಟ ಆದ ಮೇಲೆ ತಗೊಳ್ಳಿ ಎಂದರು. ಗುಣ ಗೊತ್ತಾಗಲು ಇನ್ನೂ ಎರಡು ಮೂರು ವಾರ ಬೇಕು ಎಂದರು. ಹೊಟ್ಟೆ ತೊಳೆಸುವುದು ನಿಂತಿತು. ಒಂದು ತಿಂಗಳಿಗೆ ನಿದ್ದೆ ಬಂತು. ಎರಡು ತಿಂಗಳಿಗೆ ದೊಡ್ಡಕ್ಕ ನಕ್ಕಳು.

ಮೂರನೇ ತಿಂಗಳು ಮತ್ತೆ ಮಾತ್ರೆ ಬಿಟ್ಟಳು. ಈ ಸಲದ ಕಾರಣ ಬೇರೆ. "ಗುಣ ಆಯ್ತಲ್ಲ, ಇನ್ನೆಂತಕ್ಕೆ?" ಎಂದಳು. ಮಳೆಗಾಲವೂ ಹಿಡಿದಿತ್ತು. ಸಂಕದ ಮೇಲೆ ನೀರು ಹರಿಯುತ್ತಿತ್ತು. ಆಸ್ಪತ್ರೆಯ ತಾರೀಕು ತಪ್ಪಿತು. ಆಗಸ್ಟಿನಲ್ಲಿ ದೊಡ್ಡಕ್ಕ ಮತ್ತೆ ಒಲೆ ಮುಂದೆ ಕೂತಳು.

ತಂಗಿ ಮತ್ತೆ ಬಂದಳು. ನಾನು ಅವತ್ತೇ ಹೇಳಿರಲಿಲ್ವಾ ಅಂತ ಕೇಳಲಿಲ್ಲ. "ಬಸ್ಸು ಒಂಬತ್ತಕ್ಕೆ. ಹೊರಡು ಅಕ್ಕಾ" ಎಂದಳು. ಅವತ್ತು ಆಸ್ಪತ್ರೆಯಿಂದ ಬಂದ ಮೇಲೆ ಇಬ್ಬರೂ ಸೇರಿ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ತಾರೀಕಿಗೆ ಕೆಂಪು ಸುತ್ತು ಹಾಕಿದರು. ದಿನವೂ ಮಾತ್ರೆ ತಗೊಂಡ ಮೇಲೆ ಒಂದು ಗೀಟು. ಗೀಟು ಹಾಕುವವಳು ದೊಡ್ಡಕ್ಕನೇ.

ಈಗ ದೊಡ್ಡಕ್ಕ ಸಂಘಕ್ಕೆ ಬರುತ್ತಾಳೆ. ಒಂದೊಂದು ದಿನ ಮಂಕು ಇರುತ್ತದೆ. ಆದರೆ ಅವತ್ತೂ ಗೀಟು ತಪ್ಪುವುದಿಲ್ಲ.

ಯಾಕೆ ನಡುವೆ ಬಿಡುತ್ತಾರೆ?

ಕತೆ ಓದಿದಿರಿ. ಈಗ ಕಾರಣಗಳನ್ನು ಒಂದೊಂದಾಗಿ ನೋಡೋಣ.

1. "ಗುಣವೇ ಕಾಣುತ್ತಿಲ್ಲ"

ತಲೆನೋವಿನ ಮಾತ್ರೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುತ್ತದೆ. ಖಿನ್ನತೆಯ ಮಾತ್ರೆ ಹಾಗಲ್ಲ. ಗುಣ ಗೊತ್ತಾಗಲು ಎರಡರಿಂದ ನಾಲ್ಕು ವಾರ ಬೇಕು. ಪೂರ್ತಿ ಗೊತ್ತಾಗಲು ಇನ್ನೂ ಹೆಚ್ಚು ದಿನ ಹಿಡಿಯಬಹುದು. ಇದನ್ನು ಮೊದಲೇ ತಿಳಿದಿದ್ದರೆ ಜನ ಕಾಯುತ್ತಾರೆ. ತಿಳಿಯದಿದ್ದರೆ ಬಿಡುತ್ತಾರೆ. ಆದ್ದರಿಂದ ಮೊದಲನೇ ದಿನವೇ ಹೇಳಿ: "ಒಂದು ತಿಂಗಳು ನೋಡಾಣ." ಮೊದಲು ಬದಲಾವಣೆ ಕಾಣುವುದು ಹೆಚ್ಚಾಗಿ ಅಕ್ಕಪಕ್ಕದವರಿಗೆ. "ನೀನು ನಿನ್ನೆ ಚೂರು ಜಾಸ್ತಿ ಉಂಡೆ" ಅಂತ ಅವರಿಗೆ ತಿಳಿಸಿ.

2. "ಮಾತ್ರೆ ಮೈಗೆ ಆಗುತ್ತಿಲ್ಲ"

ಮೊದಲ ಒಂದೆರಡು ವಾರ ಹೊಟ್ಟೆ ತೊಳೆಸಬಹುದು. ಬಾಯಿ ಒಣಗಬಹುದು. ತಲೆನೋವು, ಮಂಪರು ಬರಬಹುದು. ಹೆಚ್ಚಿನವರಿಗೆ ಇದು ತಾನಾಗಿ ಕಡಿಮೆಯಾಗುತ್ತದೆ. ಕಡಿಮೆಯಾಗದಿದ್ದರೆ ವೈದ್ಯರು ಮಾತ್ರೆ ಬದಲಿಸುತ್ತಾರೆ, ಇಲ್ಲವೇ ಹೊತ್ತು ಬದಲಿಸುತ್ತಾರೆ. ಸುಮ್ಮನೆ ಬಿಡಬೇಡಿ, ಹೋಗಿ ಹೇಳಿ. ಚಡಪಡಿಕೆ ಹೆಚ್ಚಾದರೆ, ಸಾಯುವ ಯೋಚನೆ ಹೆಚ್ಚಾದರೆ ಅವತ್ತೇ ಹೋಗಿ. ಬಸುರಿಯಾಗಿದ್ದರೆ, ಮಗುವಿಗೆ ಹಾಲು ಕೊಡುತ್ತಿದ್ದರೆ, ಬೇರೆ ಕಾಯಿಲೆಗೆ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ.

3. "ಒಮ್ಮೆ ತಿಂದರೆ ಅಭ್ಯಾಸ ಆಗಿಬಿಡುತ್ತದೆ"

ಖಿನ್ನತೆಯ ಮಾತ್ರೆ ಸಾರಾಯಿಯ ಹಾಗೆ ಚಟ ಹಿಡಿಸುವುದಿಲ್ಲ. ನಿದ್ದೆ ಮಾತ್ರೆ ಬೇರೆ, ಇದು ಬೇರೆ. ಆದರೆ ಇದನ್ನು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ಸಂಕಟ ಆಗಬಹುದು. ನಿಲ್ಲಿಸುವುದಾದರೆ ವೈದ್ಯರು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ ನಿಲ್ಲಿಸುತ್ತಾರೆ.

4. "ಗುಣ ಆಯ್ತಲ್ಲ"

ಹೆಚ್ಚು ಜನ ಜಾರುವ ಜಾಗ ಇದು. ಗುಣವಾದ ಮೇಲೂ ಕಡಿಮೆ ಎಂದರೆ ಆರು ತಿಂಗಳು ಮಾತ್ರೆ ಬೇಕು. ಕೆಲವರಿಗೆ ಒಂದು ವರ್ಷ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಎಷ್ಟು ದಿನ ಎಂದು ವೈದ್ಯರು ಹೇಳುತ್ತಾರೆ. ನಡುವೆ ಬಿಟ್ಟರೆ ಕಾಯಿಲೆ ಮರಳಿ ಬರಬಹುದು. ಬೋರ್ಡೋ ನೆನಪು ಮಾಡಿಕೊಳ್ಳಿ.

5. "ಬರೀ ಮಾತಾಡಿದರೆ ಏನು ಬಂತು?"

ಆಪ್ತಸಮಾಲೋಚನೆ ಎಂದರೆ ಹರಟೆ ಅಲ್ಲ, ಉಪದೇಶವೂ ಅಲ್ಲ. ಕಲಿತವರ ಮುಂದೆ ಮನಸ್ಸು ಬಿಚ್ಚಿ, ಒಂದೊಂದೇ ಕಷ್ಟಕ್ಕೆ ದಾರಿ ಹುಡುಕುವುದು. ಹೆಚ್ಚು ಜೋರಿಲ್ಲದ ಖಿನ್ನತೆಗೆ ಎಷ್ಟೋ ಸಲ ಇದೇ ಸಾಕಾಗುತ್ತದೆ. ಒಂದೇ ದಿನಕ್ಕೆ ಮುಗಿಯುವುದಿಲ್ಲ. ಅಕ್ಷರ ಒಂದೇ ದಿನಕ್ಕೆ ಬಂತೇ? ಮೊದಲ ದಿನ ಬಾಯಿ ಬಾರದಿದ್ದರೆ ನಾಚಿಕೆ ಬೇಡ. ಗಂಡಸು ಸಮಾಲೋಚಕರ ಮುಂದೆ ಹೇಳಲು ಸಂಕೋಚ ಆದರೆ, ಹೆಂಗಸರು ಇದ್ದಾರಾ ಅಂತ ಕೇಳಿ. ಹಾಗೆ ಕೇಳುವುದು ತಪ್ಪಲ್ಲ.

6. "ಜನ ಏನಂದಾರು?"

ಮಗಳ ಮದುವೆಗೆ ತೊಂದರೆ ಆದೀತು ಎಂಬ ಹೆದರಿಕೆ. ಹುಚ್ಚು ಅಂದಾರು ಎಂಬ ಹೆದರಿಕೆ. ಇದು ಸುಳ್ಳು ಹೆದರಿಕೆ ಅಲ್ಲ, ಜನ ಆಡಿಕೊಳ್ಳುವುದು ಉಂಟು. ಅದಕ್ಕೇ ಜೊತೆಗೆ ಹೋಗುವವರು ಗುಟ್ಟು ಕಾಯಬೇಕು. ಸಂಘದಲ್ಲಿ ಹೇಳುವುದಿದ್ದರೆ ಅವರನ್ನು ಕೇಳಿ ಹೇಳಿ. 2017ರಲ್ಲಿ ಮಾನಸಿಕ ಆರೋಗ್ಯ ಕಾಯಿದೆ ಬಂದಿದೆ. ರೋಗಿಯ ವಿಷಯವನ್ನು ಆಸ್ಪತ್ರೆಯವರು ಬೇರೆಯವರಿಗೆ ಸುಮ್ಮನೆ ಹೇಳುವಂತಿಲ್ಲ. ಚಿಕಿತ್ಸೆ ಪಡೆಯುವುದು ಎಲ್ಲರ ಹಕ್ಕು ಎಂದೂ ಅದರಲ್ಲಿದೆ.

ದೇವರಿಗೆ ಹರಕೆ ಹೊರುವವರಿಗೆ ಬೇಡ ಅನ್ನುವುದಿಲ್ಲ. ಸಿಗಂದೂರಿಗೆ ಹೋಗಿ ಬನ್ನಿ, ಮನೆದೇವರಿಗೆ ಕಾಯಿ ಒಡೆಸಿ. ಮಾತ್ರೆಯನ್ನೂ ಬಿಡಬೇಡಿ. ಎರಡೂ ಒಟ್ಟಿಗೆ ನಡೆಯಲಿ.

7. "ಹೋಗುವುದು ಹೇಗೆ?"

ಮಲೆನಾಡಿನಲ್ಲಿ ಇದು ದೊಡ್ಡ ಮಾತು. ಸಾಗರ ತಾಲ್ಲೂಕಿನ ತುಮರಿ ಕಡೆಯವರನ್ನು ಕೇಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಶರಾವತಿ ಹಿನ್ನೀರು ತುಂಬಿತು. ಆಮೇಲೆ ಪೇಟೆಯ ಆಸ್ಪತ್ರೆಗೆ ಹೋಗಲು ಲಾಂಚಿಗೆ ಕಾಯಬೇಕಾಯಿತು. ಸಿಗಂದೂರಿನ ಸೇತುವೆ ಆದದ್ದು 2025ರ ಜುಲೈನಲ್ಲಿ. ಬೇರೆ ಎಷ್ಟೋ ಹಳ್ಳಿಯವರು ಈಗಲೂ ಸಂಕ ದಾಟಿ, ಮೈಲಿಗಟ್ಟಲೆ ನಡೆದು ಬಸ್ಸು ಹಿಡಿಯುತ್ತಾರೆ.

2023ರ ಜೂನಿನಿಂದ ಶಕ್ತಿ ಯೋಜನೆ ಇದೆ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣ ಇಲ್ಲ. ಆದರೆ ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ. ಅದರಲ್ಲಿ ಹಣ ಕೊಡಬೇಕು. ಹೋಗಿ ಬರುವ ಖರ್ಚು, ಒಂದು ದಿನದ ಕೂಲಿ ಎರಡೂ ಹೋಗುತ್ತದೆ. ಮನೆಯಲ್ಲಿ ಹಸು ಕರೆಯುವವರು ಇಲ್ಲ, ಮಗು ನೋಡುವವರು ಇಲ್ಲ. ಹೀಗೆ ತಾರೀಕು ತಪ್ಪುತ್ತದೆ. ಖಿನ್ನತೆ ಇರುವವರಿಗೆ ಏಳುವುದೇ ಕಷ್ಟ. ಇಷ್ಟೆಲ್ಲ ಏರ್ಪಾಡು ಅವರೊಬ್ಬರೇ ಮಾಡಲಾರರು. ಇಲ್ಲೇ ನಮ್ಮ ಕೆಲಸ ಇರುವುದು.

ನಾವು ಏನು ಮಾಡಬಹುದು?

ಮೊದಲು ಕೇಳಿಸಿಕೊಳ್ಳೋಣ. "ಧೈರ್ಯ ತಗೋ", "ನಿನಗೆಂತ ಕಮ್ಮಿ", "ನನ್ನ ಕಷ್ಟ ನೋಡು" ಅನ್ನುವುದು ಬೇಡ. "ನಿಂಗೆ ಕಷ್ಟ ಆಗ್ತಾ ಇದೆ. ನಾನು ಜೊತೆಗೆ ಇದೀನಿ" ಅಂದರೆ ಸಾಕು.

ಜೊತೆಗೆ ಹೋಗೋಣ. ಹೋಗು ಅನ್ನುವುದು ಸುಲಭ, ಹೋಗಾಣ ಬಾ ಅನ್ನುವುದು ಉಪಕಾರ. ಒಬ್ಬರಿಗೇ ಆಗದಿದ್ದರೆ ಸಂಘದವರು ಸರದಿ ಮಾಡಿಕೊಳ್ಳಬಹುದು. ಒಬ್ಬರು ಆಸ್ಪತ್ರೆಗೆ, ಒಬ್ಬರು ಹಸು ನೋಡಲು, ಒಬ್ಬರು ಮಗು ನೋಡಲು.

ಬರೆದುಕೊಳ್ಳೋಣ. ಅಕ್ಷರ ಕಲಿತದ್ದು ಇಂಥದ್ದಕ್ಕೇ. ಓಪಿ ಚೀಟಿಯ ಮೇಲಿನ ತಾರೀಕು ಓದಿ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ. ವೈದ್ಯರಿಗೆ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆಯಿರಿ. ಅಲ್ಲಿ ಹೋದಾಗ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. "ನಿದ್ದೆ ಇಲ್ಲ. ಹೊಟ್ಟೆ ತೊಳೆಸುತ್ತದೆ. ಎಷ್ಟು ತಿಂಗಳು ತಿನ್ನಬೇಕು?" ಮೂರು ಸಾಲು ಸಾಕು.

ಮಳೆಗಾಲಕ್ಕೆ ಮೊದಲೇ ಯೋಚನೆ ಮಾಡೋಣ. ಸೌದೆ ಒಟ್ಟುತ್ತೇವೆ, ಹಪ್ಪಳ ಉಪ್ಪಿನಕಾಯಿ ಮಾಡಿಡುತ್ತೇವೆ. ಹಾಗೇ ವೈದ್ಯರಿಗೆ ಹೇಳಿ: "ನಮ್ಮೂರಿಂದ ಮಳೆಯಲ್ಲಿ ಬರೋದು ಕಷ್ಟ." ಆಗದ ದಿನ ಏನು ಮಾಡಬೇಕು ಎಂದು ಮೊದಲೇ ಕೇಳಿಕೊಳ್ಳಿ. ಮಾತ್ರೆ ಮುಗಿಯುವವರೆಗೆ ಕಾಯಬೇಡಿ.

ಸಣ್ಣ ಸಣ್ಣ ಕೆಲಸಕ್ಕೆ ಕರೆಯೋಣ. ತುಳಸಿಕಟ್ಟೆಗೆ ನೀರು ಹಾಕುವುದು. ಹಿತ್ತಲಿನ ಬಸಳೆ ಕೊಯ್ಯುವುದು. ಸಂಜೆ ಹತ್ತು ಹೆಜ್ಜೆ ನಡೆಯುವುದು. ಮನಸ್ಸು ಬಂದ ಮೇಲೆ ಮಾಡೋಣ ಎಂದು ಖಿನ್ನತೆ ಹೇಳುತ್ತದೆ. ಆದರೆ ಮಾಡುತ್ತಾ ಮಾಡುತ್ತಾ ಮನಸ್ಸು ಬರುತ್ತದೆ.

ತಪ್ಪಿಸಿದರೆ ಬೈಯುವುದು ಬೇಡ. ತಾರೀಕು ತಪ್ಪಿದರೆ ಮಾರನೇ ದಿನ ಮನೆಗೆ ಹೋಗಿ. "ಎಂತಕ್ಕೆ ಆಗ್ಲಿಲ್ಲ?" ಎಂದು ಕೇಳಿ. ಬೈದರೆ ಅವರು ಮುಂದಿನ ಸಲ ಮುಚ್ಚಿಡುತ್ತಾರೆ. ಬಿಟ್ಟವರು ಮತ್ತೆ ಶುರು ಮಾಡಬಹುದು. ಬಾಗಿಲು ಮುಚ್ಚಿಲ್ಲ.

ನಮ್ಮ ಊರುಗಳಲ್ಲಿ ನಡೆದದ್ದು

ಶಿವಮೊಗ್ಗದಲ್ಲಿ ಡಾ. ಅಶೋಕ್ ಪೈ ಎಂಬ ಮನೋವೈದ್ಯರಿದ್ದರು. ಮನಸ್ಸಿನ ಕಾಯಿಲೆಯ ಬಗ್ಗೆ ಜನರಿಗೆ ತಿಳಿಯುವ ಹಾಗೆ ಬರೆದರು, ಮಾತಾಡಿದರು. ಸಿನಿಮಾದ ಮೂಲಕವೂ ಹೇಳಿದರು. 1988ರ 'ಕಾಡಿನ ಬೆಂಕಿ' ಸಿನಿಮಾದ ಹಿಂದೆ ಅವರಿದ್ದರು. 2016ರಲ್ಲಿ ತೀರಿಕೊಂಡರು.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಇನ್ನೊಂದು ಕೆಲಸ ನಡೆಯಿತು. 2005ರ ಸುಮಾರಿಗೆ ನಿಮ್ಹಾನ್ಸ್ ವೈದ್ಯರು ಅಲ್ಲಿ ಸ್ಕಿಜೋಫ್ರೇನಿಯಾ ಎಂಬ ಕಾಯಿಲೆ ಇರುವವರನ್ನು ಹುಡುಕಿ ಚಿಕಿತ್ಸೆ ಶುರು ಮಾಡಿದರು. ಅದು ಖಿನ್ನತೆಗಿಂತ ಬೇರೆಯ ಕಾಯಿಲೆ. ಇಲ್ಲದ ದನಿ ಕೇಳಿಸುವುದು, ಇಲ್ಲದ ಸಂಶಯ ಬರುವುದು ಅದರ ಗುರುತು. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರು ರೋಗಿಗಳನ್ನು ಗುರುತಿಸಲು ನೆರವಾದರು. ವೈದ್ಯರು ವರ್ಷಗಟ್ಟಲೆ ಆ ಜನರನ್ನು ನೋಡುತ್ತಾ ಬಂದರು. ಚಿಕಿತ್ಸೆ ಪಡೆದವರ ಕೆಲಸ ಮಾಡುವ ಶಕ್ತಿ, ಪಡೆಯದವರಿಗಿಂತ ಚೆನ್ನಾಗಿತ್ತು. 2009ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಕಾಯಿಲೆ ಬೇರೆಯಾದರೂ ಪಾಠ ಒಂದೇ. ಊರಿನ ಹತ್ತಿರವೇ ಚಿಕಿತ್ಸೆ ಸಿಕ್ಕಿದರೆ, ಬೆನ್ನ ಹಿಂದೆ ಯಾರಾದರೂ ಇದ್ದರೆ, ಜನ ನಿಲ್ಲುತ್ತಾರೆ.

ಬೇರೆ ಕಡೆಯೂ ಹೀಗೆ ಆಗಿದೆ. ಪಕ್ಕದ ಗೋವೆಯಲ್ಲಿ ಡಾಕ್ಟರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟರು. ಅವರು ಖಿನ್ನತೆ ಇರುವವರ ಜೊತೆ ಆರರಿಂದ ಎಂಟು ಸಲ ಕೂತು ಮಾತಾಡಿದರು. ಆರೋಗ್ಯ ಕೇಂದ್ರಕ್ಕೆ ಬರಲು ಆಗದವರ ಮನೆಗೇ ಹೋದರು. ಬಹಳ ಜನ ಚೇತರಿಸಿಕೊಂಡರು. ಇದರ ವರದಿ 2017ರಲ್ಲಿ ಬಂತು.

ಆಫ್ರಿಕಾದಲ್ಲಿ ಜಿಂಬಾಬ್ವೆ ಎಂಬ ದೇಶವಿದೆ. ಅಲ್ಲಿ ಮನೋವೈದ್ಯರು ಬಹಳ ಕಡಿಮೆ. 2006ರ ಹೊತ್ತಿಗೆ ಡಾ. ಡಿಕ್ಸನ್ ಚಿಬಾಂಡ ಎಂಬ ವೈದ್ಯರು 14 ಅಜ್ಜಿಯರಿಗೆ ತರಬೇತಿ ಕೊಟ್ಟರು. ಆಸ್ಪತ್ರೆಯ ಹೊರಗೆ ಮರದ ಬೆಂಚು ಹಾಕಿದರು. ಅಜ್ಜಿ ಬೆಂಚಿನ ಮೇಲೆ ಕೂತು ಜನರ ಕಷ್ಟ ಕೇಳುತ್ತಾಳೆ. ಅಲ್ಲಿಯ ಜನ ಈ ಕಾಯಿಲೆಯನ್ನು 'ತುಂಬಾ ಯೋಚನೆ' ಎಂಬ ಅರ್ಥದ ಮಾತಿನಲ್ಲಿ ಕರೆಯುತ್ತಾರೆ. ನಮ್ಮಲ್ಲೂ ಹಾಗೇ ಅನ್ನುತ್ತೇವೆ, ಅಲ್ಲವೇ? ಅಜ್ಜಿಯರ ಬೆಂಚು ಈಗ ಬೇರೆ ದೇಶಗಳಿಗೂ ಹೋಗಿದೆ. ನಮ್ಮ ಜಗಲಿಯೂ ಅಂಥ ಬೆಂಚು ಆಗಬಹುದು.

ಎಲ್ಲಿಗೆ ಹೋಗಬೇಕು?

ಮೊದಲು ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕೇಳಿ. 2014ರಲ್ಲಿ ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮ ಶುರುವಾಯಿತು. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ಏರ್ಪಾಡು ಅದು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ.

ಫೋನಿನಲ್ಲೂ ಸಹಾಯ ಸಿಗುತ್ತದೆ. ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ 2022ರ ಅಕ್ಟೋಬರಿನಲ್ಲಿ ಶುರುವಾಯಿತು. ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಹಣ ಇಲ್ಲ. ಕನ್ನಡದಲ್ಲೇ ಮಾತಾಡುತ್ತಾರೆ. ಮಳೆಯಲ್ಲಿ ದಾರಿ ಕಟ್ಟಿದ ದಿನ ಈ ನಂಬರು ನೆನಪಿರಲಿ.

ಜೀವದ ಮಾತು

ಯಾರಾದರೂ "ಬದುಕು ಸಾಕು" ಅಂದರೆ ಸುಮ್ಮನೆ ಬಿಡಬೇಡಿ. ಸಾಯುವ ಯೋಚನೆ ಇದೆಯಾ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಕೇಳಿದರೆ ಅವರ ಎದೆ ಹಗುರ ಆಗುತ್ತದೆ. ಅವರನ್ನು ಒಬ್ಬರೇ ಬಿಡಬೇಡಿ. ತೋಟದ ವಿಷದ ಔಷಧಿಗಳಿಗೆ ಬೀಗ ಹಾಕಿ, ಕೀಲಿಯನ್ನು ಬೇರೆಯವರು ಇಟ್ಟುಕೊಳ್ಳಿ. ಮಾತ್ರೆಗಳೂ ಮನೆಯ ಇನ್ನೊಬ್ಬರ ಕೈಯಲ್ಲಿ ಇರಲಿ. 14416ಕ್ಕೆ ಫೋನ್ ಮಾಡಿ. ತಡೆಯಲು ಆಗದಷ್ಟು ಹೆಚ್ಚಾದರೆ 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗುಟ್ಟು ಕಾಯುವ ಮಾತು ಇಲ್ಲಿ ನಡೆಯುವುದಿಲ್ಲ, ಜೀವ ದೊಡ್ಡದು.

ಪೊಲೀಸ್ ಕೇಸು ಆಗುತ್ತದೆ ಎಂದು ಹೆದರಿ ಕೆಲವರು ಆಸ್ಪತ್ರೆಗೇ ಹೋಗುವುದಿಲ್ಲ. 2017ರ ಕಾಯಿದೆಯ ಪ್ರಕಾರ, ಜೀವ ಕಳೆದುಕೊಳ್ಳಲು ಹೋದವರು ತೀರಾ ಸಂಕಟದಲ್ಲಿ ಇದ್ದವರು ಎಂದೇ ತಿಳಿಯಬೇಕು. ಅವರಿಗೆ ಶಿಕ್ಷೆಯಲ್ಲ, ಆರೈಕೆ ಸಿಗಬೇಕು. ಹೆದರದೆ ಹೋಗಿ.

ಹೊಸ ಮಾತುಗಳು

ಖಿನ್ನತೆ: ಮನಸ್ಸು ಬಹಳ ದಿನ ಮಂಕಾಗಿ ಇರುವ ಕಾಯಿಲೆ
ಮನೋವೈದ್ಯರು: ಮನಸ್ಸಿನ ಕಾಯಿಲೆಗೆ ಔಷಧಿ ಕೊಡುವ ಡಾಕ್ಟರು
ಆಪ್ತಸಮಾಲೋಚನೆ: ಕಲಿತವರ ಜೊತೆ ಮನಸ್ಸು ಬಿಚ್ಚಿ ಮಾತಾಡಿ ದಾರಿ ಹುಡುಕುವುದು
ಚೇತರಿಕೆ: ಕಾಯಿಲೆಯಿಂದ ಮೆಲ್ಲಗೆ ಮೇಲೆ ಏಳುವುದು

ಮಾತಾಡೋಣ

1. ದೊಡ್ಡಕ್ಕ ಎರಡು ಸಲ ಮಾತ್ರೆ ಬಿಟ್ಟಳು. ಎರಡರ ಕಾರಣವೂ ಒಂದೇ ಏನು?
2. ತಂಗಿ ಯಾವ ಯಾವ ಮಾತು ಆಡಲಿಲ್ಲ? ಆಡಿದ್ದರೆ ಏನಾಗುತ್ತಿತ್ತು?
3. ನಿಮ್ಮ ಊರಿನಿಂದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬರಲು ಎಷ್ಟು ಹೊತ್ತು ಬೇಕು? ಎಷ್ಟು ಹಣ ಬೇಕು? ಮಳೆಗಾಲದಲ್ಲಿ?

ಲೆಕ್ಕ ಮಾಡೋಣ

ವೈದ್ಯರು 30 ಮಾತ್ರೆ ಕೊಟ್ಟರು. ದಿನಕ್ಕೆ ಒಂದು. ಜೂನ್ 3ರಂದು ಮೊದಲ ಮಾತ್ರೆ. ಕೊನೆಯ ಮಾತ್ರೆ ಯಾವ ತಾರೀಕಿಗೆ? ಅದಕ್ಕೆ ಎರಡು ದಿನ ಮೊದಲು ಆಸ್ಪತ್ರೆಗೆ ಹೋಗಬೇಕು. ಆ ತಾರೀಕು ಯಾವುದು?

ಬರೆಯೋಣ

14416 ಎಂಬ ನಂಬರನ್ನು ದೊಡ್ಡದಾಗಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ.

ಕೆಲವು ದಿನದಿಂದ ಸಂಘಕ್ಕೆ ಬಾರದ ಒಬ್ಬರನ್ನು ನೆನಪು ಮಾಡಿಕೊಳ್ಳಿ. ಅವರ ಹೆಸರನ್ನು ಮನಸ್ಸಿನಲ್ಲಿ ಬರೆದುಕೊಳ್ಳಿ, ಹಾಳೆಯಲ್ಲಿ ಬೇಡ. ಈ ವಾರ ಅವರ ಮನೆ ಜಗಲಿಗೆ ಹೋಗಿ ಕೂತು ಬನ್ನಿ.